ಜುವೈನಾ ಹಾಕಿದ ತೇಪೆ

ಬೆಂಕಿ ಹಚ್ಚುವವಳು ನಸ್ರಾ, ಆರಿಸುವವಳು ಅವಳ ಅತ್ತಿಗೆ ಎಂದು ಒಮಾನಿನ ನಮ್ಮ ಇಬ್ರಾ ಊರಿನ ಹೆಂಗಸರು ನಮ್ಮಿಬ್ಬರನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬುಧವಾರದ ಹೆಂಗಸರ ಸಂತೆಯಲ್ಲಿ ನಾನು ಚಾಪೆ ಹಾಸಿದರೆ ಮಧ್ಯಾಹ್ನದ ನಮಾಜಿನೊಳಗೆ ನನ್ನ ಧೂಪದ ಡಬ್ಬಗಳೆಲ್ಲ ಖಾಲಿ. ಗುರುವಾರ ಬೆಳಗಾದರೆ ಅತ್ತಿಗೆ ಜುವೈನಾಳ ಅಂಗಳದಲ್ಲಿ ಯಾರದಾದರೂ ಕಾರು ನಿಂತಿರುತ್ತದೆ. ಇದರಲ್ಲಿ ನನ್ನ ಧೂಪದ ತಪ್ಪೇನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತು ಬೇಡ.

ಬಟ್ಟೆಗೆ, ಕೂದಲಿಗೆ, ಮನೆಗೆ ಧೂಪ ಹಾಕಿದ ಹಾಗೆ ನಾವು ಕಾರಿಗೂ ಹಾಕುತ್ತೇವೆ. ಅದಕ್ಕೊಂದು ಕ್ರಮವಿದೆ. ಕೆಂಡ ತುಂಬಿದ ಧೂಪದಾನಿಯನ್ನು ಕಾರಿನ ನೆಲದ ಮೇಲಿಡಬೇಕು, ಕಿಟಕಿಯನ್ನು ಒಂದು ಬೆರಳು ಇಳಿಸಬೇಕು, ಪಕ್ಕದಲ್ಲೇ ನಿಂತಿರಬೇಕು. ಅವಸರದವರು ಏನು ಮಾಡುತ್ತಾರೆ? ಹಿಂದಿನ ಗಾಜಿನ ಬುಡದಲ್ಲಿರುವ ಹಲಗೆಯ ಮೇಲೆ ಧೂಪದಾನಿ ಇಟ್ಟು, ಬಾಗಿಲು ಬಡಿದು, ಅನ್ನ ಬಸಿಯಲು ಒಳಗೆ ಓಡುತ್ತಾರೆ. ಗಾಜಿಗೆ ಅಂಟಿಸಿದ ಕಪ್ಪು ಫಿಲ್ಮ್ ಕೆಂಡದ ಕಾವಿಗೆ ಹಪ್ಪಳದ ಹಾಗೆ ಉಬ್ಬಿ, ನಡುವೆ ಕರಕಲಾಗಿ ಕೂರುತ್ತದೆ. ನಮ್ಮ ಕಡೆ ಫಿಲ್ಮ್ ಇಲ್ಲದ ಕಾರೆಂದರೆ ಪರದೆ ಇಲ್ಲದ ಮನೆ. ಬಿಸಿಲೂ ತಡೆಯಬೇಕು, ಬೀದಿಯವರ ಕಣ್ಣೂ ತಡೆಯಬೇಕು. ಅದರಲ್ಲಿ ಒಂದು ತೂತು ಬಿದ್ದರೆ ಗಂಡಸರಿಗೆ ಮೊದಲು ಕಾಣುವುದೇ ಅದು.

ಜುವೈನಾ ನನ್ನ ಅಣ್ಣ ಖಲ್ಫಾನನ ಹೆಂಡತಿ. ಊರಾಚೆಯ ಗ್ಯಾರೇಜುಗಳ ಸಾಲಿನಲ್ಲಿ ಅಣ್ಣನಿಗೆ ಫಿಲ್ಮ್ ಅಂಟಿಸುವ ಅಂಗಡಿ ಇತ್ತು. ಅಂಟಿಸುವವನು ಅವನು, ಮನೆಯಲ್ಲಿ ಚಾಪೆಯ ಮೇಲೆ ಕೂತು ಅಳತೆಗೆ ಕತ್ತರಿಸಿ ಕೊಡುವವಳು ಇವಳು. ಅಣ್ಣ ತೀರಿಕೊಂಡ ಮೇಲೆ ಅಂಗಡಿ ಬೇರೆಯವರ ಕೈಗೆ ಹೋಯಿತು, ಸಾಮಾನು ಒಂದು ತಗಡಿನ ಪೆಟ್ಟಿಗೆಯಲ್ಲಿ ಮನೆಗೆ ಬಂತು. ಸತ್ತ ಗಂಡನ ಶೋಕಕ್ಕೆ ಮನೆಯೊಳಗೆ ಕೂರುವ ದಿನಗಳು ಮುಗಿದದ್ದೇ ತಡ, ಇವಳು ಆ ಪೆಟ್ಟಿಗೆಯ ಬೀಗ ತೆಗೆದಳು.

"ಮಾರಿಬಿಡೋಣ ಅತ್ತಿಗೆ, ಇದನ್ನ ಇಟ್ಕೊಂಡು ಏನ್ ಮಾಡ್ತೀಯ" ಅಂದೆ.

"ನೀನು ಧೂಪ ಮಾರೋದು ಬಿಡ್ತೀಯಾ?"

"ನಾನ್ಯಾಕೆ ಬಿಡ್ಲಿ?"

"ಹಾಗಾದ್ರೆ ನನ್ನ ಹೊಟ್ಟೆಪಾಡಿಗೆ ತೊಂದ್ರೆ ಇಲ್ಲ ಬಿಡು" ಅಂದಳು.

ಅಲ್ಲಿಂದ ಇಲ್ಲಿಯವರೆಗೆ ಇದೇ ಅವಳ ಬದುಕು. ಹೊಸ ಫಿಲ್ಮ್ ಹಾಕುವುದಿಲ್ಲ, ಅದು ಗ್ಯಾರೇಜಿನವರ ಕೆಲಸ. ಇವಳದು ಕಲೆ ಮಾತ್ರ. ಗುಳ್ಳೆ ಎದ್ದಿದ್ದರೆ ಸೂಜಿಯ ಮೊನೆಯಿಂದ ಚುಚ್ಚಿ, ಮಕ್ಕಳ ಶಾಂಪೂ ಬೆರೆಸಿದ ನೀರು ಚಿಮುಕಿಸಿ, ಹಳೆಯ ಪ್ಲಾಸ್ಟಿಕ್ ಕಾರ್ಡಿಗೆ ಬಟ್ಟೆ ಸುತ್ತಿಕೊಂಡು ಗಾಳಿಯನ್ನು ಆಚೆ ತಳ್ಳುತ್ತಾಳೆ. ಗೀರಿಗೆ ಬಣ್ಣವಿಲ್ಲದ ಉಗುರಿನ ಪಾಲಿಶ್. ಸುಟ್ಟ ಕಲೆಯಾದರೆ ತೇಪೆ. ತೇಪೆಯನ್ನು ನಮ್ಮ ಕಾಫಿ ಬಟ್ಟಲಿನ ಅಂಚು ಒತ್ತಿ ಹಿಡಿದು ದುಂಡಗೆ ಕತ್ತರಿಸುತ್ತಾಳೆ. ಮೂಲೆ ಇದ್ದ ತೇಪೆ ಮೂಲೆಯಿಂದಲೇ ಏಳುತ್ತದೆ, ದುಂಡಗಿದ್ದದ್ದಕ್ಕೆ ಏಳಲು ಜಾಗ ಸಿಗುವುದಿಲ್ಲ ಎಂಬುದು ಅವಳ ಲೆಕ್ಕ. ಗ್ಯಾರೇಜಿನವರು ಒಂದು ಕಲೆ ಬಿದ್ದರೂ ಇಡೀ ಗಾಜಿನದನ್ನು ಕಿತ್ತು ಹೊಸದು ಹಾಕಬೇಕು ಎನ್ನುತ್ತಾರೆ. ಅದನ್ನು ಕೇಳಿದರೆ ಇವಳಿಗೆ ಮೈ ಉರಿಯುತ್ತದೆ. "ಒಂದು ಹಲ್ಲು ನೋವು ಅಂದ್ರೆ ದವಡೆ ಕೀಳ್ತಾರಾ?" ಎಂದು ಕೇಳುತ್ತಾಳೆ, ಗ್ಯಾರೇಜಿನವರು ಎದುರಿಗಿದ್ದರೂ ಕೇಳುತ್ತಾಳೆ.

ಅವಳದೊಂದು ಕಟ್ಟುನಿಟ್ಟಿನ ನಿಯಮವಿದೆ. ಕಾರು ಅಂಗಳದೊಳಗೆ ಬಂದ ಕೂಡಲೇ ಅದರ ನಂಬರಿನ ಮೇಲೆ ಒದ್ದೆ ಟವಲು ಎಸೆಯುತ್ತಾಳೆ, ಮುಂದೊಂದು, ಹಿಂದೊಂದು. ಹೆಸರು ಕೇಳುವುದಿಲ್ಲ, ಯಾರ ಮನೆಯವಳು ಎಂದು ಕೇಳುವುದಿಲ್ಲ. ಬಂದವಳು ಮುಖದ ಮುಸುಕು ತೆಗೆಯದಿದ್ದರೆ ತೆಗೆ ಎನ್ನುವುದೂ ಇಲ್ಲ. ಹೆಂಗಸರು ಇಲ್ಲಿಗೆ ಬರುವುದು ಗಾಜಿಗಾಗಿ ಎಷ್ಟೋ ಈ ಟವಲಿಗಾಗಿಯೂ ಅಷ್ಟೇ. ಗಂಡಸರು ಈ ಕೆಲಸಕ್ಕೆ ಬರುವುದಿಲ್ಲ. ಕಾಫಿ ಕಾಯಿಸುವುದು, ಬಂದವಳು ಅತ್ತರೆ ಖರ್ಜೂರ ಕೊಟ್ಟು ಸುಮ್ಮನಾಗಿಸುವುದು ನನ್ನ ಪಾಲಿನ ಕೆಲಸ. ಬಹಳ ಮಂದಿ ಅಳುತ್ತಾರೆ.

ಖುಲೂದ್ ಎಂಬ ಹುಡುಗಿ ಬಂದದ್ದು ಹೀಗೊಂದು ಗುರುವಾರ. ಹೆಸರು ನಾವು ಕೇಳಿದ್ದಲ್ಲ, ಕಾರಿನಿಂದ ಇಳಿಯುತ್ತಲೇ ತಾನೇ ಹೇಳಿಬಿಟ್ಟಳು. ನರ್ಸಿನ ಬಿಳಿ ಕೋಟಿನ ಮೇಲೆ ಕಪ್ಪು ಅಬಾಯ ಹಾಕಿಕೊಂಡಿದ್ದಳು, ಅಳು ಬಂದು ಬಂದು ನಿಂತಿತ್ತು. ಬಿಳಿಯ ಹಳೆ ಕಾರು, ಆದರೆ ನೋಡಿದರೆ ಹಳೆಯದೆಂದು ಯಾರೂ ಹೇಳುವಂತಿಲ್ಲ, ಹಾಗೆ ಸಾಕಿದ್ದರು. ಹಿಂದಿನ ಗಾಜಿನ ಎಡಗಡೆ, ಹಲಗೆಯಿಂದ ಒಂದು ಗೇಣು ಮೇಲೆ, ಕರಕಲು ಕಲೆ.

"ಧೂಪದಾನಿ ಹಲಗೆ ಮೇಲೆ ಇಟ್ಟೆ ಚಿಕ್ಕಮ್ಮಾ. ಫೋನ್ ಬಂತು. ಮರೆತೇಬಿಟ್ಟೆ."

"ಯಾರ ಧೂಪ?" ಜುವೈನಾ ನನ್ನ ಕಡೆ ನೋಡಿಕೊಂಡೇ ಕೇಳಿದಳು.

"ನಿನ್ನೆ ಸಂತೇಲಿ ಇವರ ಹತ್ರಾನೇ ತಗೊಂಡಿದ್ದು."

"ಕೇಳಿದ್ಯಾ ನಸ್ರಾ?"

"ಕೇಳಿದೆ. ಫೋನು ನಾನು ಮಾಡಿರಲಿಲ್ಲ" ಅಂದೆ.

ಹುಡುಗಿಗೆ ನಮ್ಮ ಜಗಳ ಬೇಕಿರಲಿಲ್ಲ. ಅವಳ ಕಷ್ಟ ಬೇರೆ ಇತ್ತು. ಕೆಲಸ ಸಿನಾವ್‌ನ ಆಸ್ಪತ್ರೆಯಲ್ಲಿ. ಅವಳ ಊರಿನಿಂದ ಪಾಳಿಯ ಹೊತ್ತಿಗೆ ಬಸ್ಸಿಲ್ಲ, ಕರೆದೊಯ್ಯುವ ಅಣ್ಣತಮ್ಮಂದಿರಿಲ್ಲ. ತಾಯಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಾಳೆ. ತಂದೆ ಹಮೂದ್ ಸೈನ್ಯದಲ್ಲಿ ಲಾರಿ ನಡೆಸಿ ನಿವೃತ್ತನಾದವ, ಕಾರಿನ ವಿಷಯದಲ್ಲಿ ಇನ್ನೂ ಸೈನ್ಯದಲ್ಲೇ ಇದ್ದಾನೆ. ಮಗಳಿಗೆ ಕೀಲಿ ಕೊಡಲು ಎಷ್ಟೋ ತಿಂಗಳು ಸತಾಯಿಸಿ, ಕೊನೆಗೊಂದು ದಿನ ಕೊಟ್ಟಿದ್ದ.

"ಕೊಡೋವಾಗ ಏನಂದ್ರು ಗೊತ್ತಾ? ನಿಮ್ಮಮ್ಮ ಇಷ್ಟು ವರ್ಷ ಈ ಕಾರ್ ಓಡಿಸಿದ್ಲು, ಒಂದು ಕಲೆ ಬೀಳಿಸಲಿಲ್ಲ. ನೀನು ಬೀಳಿಸಿದ ದಿನ ಕೀಲಿ ನನ್ನ ಕೈಗೆ ಬರಬೇಕು ಅಂದ್ರು. ಅಪ್ಪ ಒಂದು ಮಾತು ಅಂದ್ರೆ ಮುಗೀತು. ಕೀಲಿ ಹೋದ್ರೆ ನನ್ನ ಕೆಲಸಾನೂ ಹೋಯ್ತು."

"ಈಗೆಲ್ಲಿದ್ದಾರೆ?"

"ಬಿದಿಯಾಕ್ಕೆ ಒಂಟೆ ಓಟ ನೋಡೋಕೆ ಹೋಗಿದ್ದಾರೆ. ಸಂಜೆ ಬರ್ತಾರೆ. ಶುಕ್ರವಾರ ಬೆಳಗ್ಗೆ ಕಾರು ತೊಳೀತಾರೆ, ಅದು ತಪ್ಪಲ್ಲ. ನಂಗೆ ಮುಟ್ಟೋಕೂ ಬಿಡಲ್ಲ. ಇಡೀ ಗಾಜಿಗೆ ಹೊಸದು ಹಾಕಿಸಿಬಿಡ್ಲಾ?"

"ಹಾಕಿಸು. ಪಕ್ಕದ ಗಾಜೆಲ್ಲ ಬಿಸಿಲಿಗೆ ನೇರಳೆ ತಿರುಗಿದೆ, ಹಿಂದಿನದೊಂದು ಕಾಡಿಗೆ ಹಚ್ಚಿದ ಹಾಗೆ ಕಾಣತ್ತೆ. ನಿಮ್ಮಪ್ಪ ಮೊದಲು ಅದನ್ನೇ ಕೇಳೋದು. ಹಳೇದನ್ನ ಕೀಳುವಾಗ ಗಾಜಿನ ಮೇಲಿರೋ, ಮಂಜು ಕರಗಿಸೋಕೆ ಬಿಸಿಯಾಗೋ ತಂತಿ ಗೆರೆಗಳೂ ಕಿತ್ತು ಬರ್ತವೆ. ಸುಮ್ಮನೆ ಕೂತ್ಕೋ. ಕಾಫಿ ಕುಡಿ."

ಪೆಟ್ಟಿಗೆಯಲ್ಲಿ ಹಳೆಯ ಫಿಲ್ಮಿನ ಚೂರುಗಳು ಬೇಕಾದಷ್ಟಿವೆ. ಒಂದೊಂದನ್ನೇ ಗಾಜಿಗೆ ಹಿಡಿದು ನೋಡಿದಳು. ಒಂದು ಕಪ್ಪು ಹೆಚ್ಚು, ಇನ್ನೊಂದು ಕೆಂಪು ಹೆಚ್ಚು. ಅಷ್ಟು ವರ್ಷ ಅದೇ ಬಿಸಿಲು ತಿಂದ ಚೂರು ಬೇರೆ ಕಾರಿನಲ್ಲಿ ಎಲ್ಲಿ ಸಿಗಬೇಕು? ಬಾಗಿಲಿನ ಗಾಜಿನ ಬುಡದಲ್ಲಿ, ಬಾಗಿಲೊಳಗೆ ಅಡಗಿರುವ ಪಟ್ಟಿ ತೆಗೆಯಬಹುದಲ್ಲ ಎಂದೆ ನಾನು. ಅದು ಬಿಸಿಲನ್ನೇ ಕಾಣದ ಪಟ್ಟಿ, ಇನ್ನೂ ಮದುಮಗಳ ಹಾಗಿರತ್ತೆ, ನಿನಗೆ ಬುದ್ಧಿ ಯಾವಾಗ ಬರೋದು ಎಂದು ಬೈಸಿಕೊಂಡೆ.

ಈ ಕಾರುಗಳಲ್ಲಿ ಹಿಂದಿನ ಹಲಗೆಯ ನಡುವೆ, ಗಾಜಿಗೆ ಒತ್ತಿಕೊಂಡು, ಉದ್ದಕ್ಕೆ ಒಂದು ಬ್ರೇಕ್ ದೀಪ ಇರುತ್ತದೆ. ಅದರ ಹಿಂದಿನ ಫಿಲ್ಮಿಗೆ ಹೊರಗಿನಿಂದ ಬಿಸಿಲು ಬೀಳುತ್ತಲೇ ಇರುತ್ತದೆ, ಆದರೆ ಒಳಗಿನಿಂದ ನೋಡಿದರೆ ದೀಪ ಅಡ್ಡ, ಹೊರಗಿನಿಂದ ನೋಡಿದರೂ ದೀಪದ ಕಪ್ಪು ಪೆಟ್ಟಿಗೆಯೇ ಕಾಣುತ್ತದೆ. ಬಣ್ಣವೂ ಅದೇ, ತೆಗೆದರೆ ಗೊತ್ತೂ ಆಗದು. ಇದು ಜುವೈನಾ ಕಂಡುಕೊಂಡ ಉಪಾಯ. ಸ್ಕ್ರೂ ಬಿಚ್ಚಿ ದೀಪವನ್ನು ಮೆಲ್ಲಗೆ ಎತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು.

"ಏನಾಯ್ತು?" ಅಂದೆ.

"ಬಟ್ಟಲು ಕೊಡು."

ಅವಸರವಸರವಾಗಿ ತೊಳೆದು ಕೊಟ್ಟೆ. ದೀಪದ ಹಿಂದೆ, ಒಂದು ತುದಿಯಲ್ಲಿ, ಫಿಲ್ಮ್ ಇಲ್ಲದ ಒಂದು ದುಂಡನೆಯ ಜಾಗವಿತ್ತು. ಬಟ್ಟಲಿನ ಅಂಚನ್ನು ಅದರ ಮೇಲಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

"ಇದು ನನ್ನ ಕೆಲಸ" ಅಂದಳು. "ಈ ಕಾರು ಇಲ್ಲಿಗೆ ಮೊದಲೇ ಬಂದಿದೆ."

ಖುಲೂದ್ ನಂಬಲಿಲ್ಲ. "ಬಂದಿರೋಕೆ ಸಾಧ್ಯವೇ ಇಲ್ಲ. ಹೊಸದಾಗಿದ್ದಾಗಲೇ ಅಪ್ಪ ತಗೊಂಡ ಕಾರು. ಅಪ್ಪ ಅಮ್ಮ ಬಿಟ್ರೆ ಯಾರೂ ಓಡಿಸಿಲ್ಲ."

"ನನ್ನ ಅಂಗಳಕ್ಕೆ ಗಂಡಸರು ಬರಲ್ಲ ಮಗಳೇ" ಎಂದಳು ಜುವೈನಾ, ಅಷ್ಟೇ.

ಹುಡುಗಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಾರಿನೊಳಗೆ ತೂರಿ ಗಾಜಿನ ಮೇಲೆಲ್ಲ ಕಣ್ಣಾಡಿಸಿದಳು. ಹೊರಗೆ ಬಂದು ನೋಡಿದಳು. ಬಗ್ಗಿ ನೋಡಿದಳು, ಓರೆಯಾಗಿ ನೋಡಿದಳು. ಕರಕಲು ಕಲೆಯೊಂದೇ ಕಣ್ಣಿಗೆ ಹೊಡೆಯುತ್ತಿತ್ತು, ಇನ್ನೆಲ್ಲ ಒಂದೇ ಸಮ.

"ಎಲ್ಲಿದೆ ಚಿಕ್ಕಮ್ಮಾ? ಅಮ್ಮನ ಕಲೆ ಎಲ್ಲಿದೆ?"

"ನೀನು ಹುಡುಕಿ ಸಿಕ್ಕೋ ಹಾಗಿದ್ರೆ ನಾನ್ಯಾಕೆ ಈ ಕೆಲಸ ಮಾಡ್ಲಿ? ನಂಗೂ ಕಾಣ್ತಿಲ್ಲ. ಈಗ ಜರುಗು, ಬಿಸಿಲು ಇಳಿಯೋದ್ರೊಳಗೆ ನಿಂದು ಮುಗಿಸ್ಬೇಕು."

ಹೆಮ್ಮೆಯಿಂದ ಹೇಳಿದಳೇ ಹೊರತು ಅವಳ ಕೈ ಬಟ್ಟಲನ್ನು ಇನ್ನೂ ಬಿಟ್ಟಿರಲಿಲ್ಲ. ನನಗೆ ಕಾರಣ ಗೊತ್ತಾಯಿತು. ದೀಪದ ಹಿಂದಿನ ಜಾಗ ಚಿಕ್ಕದು. ಒಂದು ತುದಿ ಆಗಲೇ ಖಾಲಿ, ಇನ್ನೊಂದು ತುದಿಯಲ್ಲಿ ಒಂದು ಬಟ್ಟಲಿನ ಅಗಲಕ್ಕಷ್ಟೇ ಫಿಲ್ಮ್ ಉಳಿದಿತ್ತು. ಕೀಳುವಾಗ ಅದು ಹರಿದರೆ ಇನ್ನೊಂದು ತುಂಡು ಇಡೀ ಒಮಾನಿನಲ್ಲಿಲ್ಲ.

ಹೊರಗಿನಿಂದ ಗಾಜಿಗೆ ಕಪ್ಪು ಪ್ಲಾಸ್ಟಿಕ್ ಚೀಲ ಅಂಟಿಸಿ, ಕಾರಿನ ಹಿಂಭಾಗವನ್ನು ಸೂರ್ಯನ ಕಡೆ ತಿರುಗಿಸಿ ನಿಲ್ಲಿಸಿದೆವು. ಅಣ್ಣನ ಕಾಲದ ಬಿಸಿಗಾಳಿಯ ಯಂತ್ರ ಇದೆ, ಆದರೆ ಹಳೆಯ ಅಂಟಿಗೆ ಅದು ಬೇಡ ಎನ್ನುತ್ತಾಳೆ. ಬಿಸಿಲು ಬೆಚ್ಚಗೆ ಮಾಡುತ್ತದೆ, ಯಂತ್ರ ಬೇಯಿಸುತ್ತದೆ. ಅಂಟು ಮೆತ್ತಗಾದ ಮೇಲೆ ಬಟ್ಟಲಿನ ಅಂಚಿಗೆ ಬ್ಲೇಡಿನ ತುದಿಯನ್ನು ತೇಲಿಸಿದ ಹಾಗೆ ಆಡಿಸಿ, ಹಿಂದಿನ ಹಲಗೆಯ ಮೇಲೆ ಅರ್ಧ ಮೈ ಚೆಲ್ಲಿ, ಉಗುರಿನಿಂದ ಅಂಚನ್ನು ಎಬ್ಬಿಸಿದಳು. ಒಂದು ಕೈಯಿಂದ ಎಳೆಯುತ್ತಾಳೆ, ಇನ್ನೊಂದು ಕೈಯಿಂದ ಶಾಂಪೂ ನೀರು ಬಿಡುತ್ತಾಳೆ. ನಾನು ಮಾತಾಡಲಿಲ್ಲ. ನಾನು ಮಾತಾಡದೆ ಇರುವುದು ಎಷ್ಟು ಅಪರೂಪ ಎಂದು ನನ್ನನ್ನು ಬಲ್ಲವರಿಗೆ ಗೊತ್ತು. ತುಂಡು ಈರುಳ್ಳಿಯ ತೆಳು ಸಿಪ್ಪೆಯ ಹಾಗೆ, ಇಡಿಯಾಗಿ, ಅವಳ ಅಂಗೈಗೆ ಬಂತು.

ಆಮೇಲಿನದು ಅವಳಿಗೆ ನೀರು ಕುಡಿದಷ್ಟು ಸುಲಭ. ಸುಟ್ಟ ಭಾಗವನ್ನು ಅದೇ ಬಟ್ಟಲಿಟ್ಟು ಕತ್ತರಿಸಿ ತೆಗೆದಳು. ಉಳಿದ ಅಂಟನ್ನು ಬ್ಲೇಡಿನಿಂದ ಕೆರೆಯದೆ ಒದ್ದೆ ಬಟ್ಟೆಯಿಂದ ಉಜ್ಜಿ ಉಜ್ಜಿ ಬಿಡಿಸಿದಳು, ಕೆರೆದರೆ ಗಾಜಿನ ಗೆರೆ ಹರಿಯುತ್ತದೆ. ಹಳೆಯ ಫಿಲ್ಮಿನಲ್ಲಿ ಆ ಗೆರೆಗಳ ಅಚ್ಚು ಮೂಡಿರುತ್ತದೆ. ತೇಪೆಯನ್ನು ತಿರುಗಿಸಿ ತಿರುಗಿಸಿ, ಅಚ್ಚು ಗೆರೆಯ ಮೇಲೇ ಬರುವಂತೆ ಕೂರಿಸಿ, ಕಾರ್ಡಿನಿಂದ ನಡುವಿನಿಂದ ಅಂಚಿಗೆ ನೀರು ತಳ್ಳಿದಳು. ಸುತ್ತಲೂ ಕೂದಲೆಳೆಯಷ್ಟು ಪಾಲಿಶ್ ಹಚ್ಚಿದಳು. ದೀಪ ಮತ್ತೆ ತನ್ನ ಜಾಗಕ್ಕೆ ಹೋಯಿತು. ಚೀಲ ತೆಗೆದಾಗ ಖುಲೂದ್ ಗಾಜಿನ ಮುಂದೆ ನಿಂತು, ಈಗ ತನ್ನ ಕಲೆಯನ್ನೇ ಹುಡುಕತೊಡಗಿದಳು. ಸಿಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಖರ್ಜೂರ ಕೊಟ್ಟೆ.

"ಗಾಜನ್ನ ಯಾರೂ ಒಳಗಿನಿಂದ ಮುಟ್ಟಕೂಡದು, ಒಣಗೋವರೆಗೆ" ಎಂದು ಜುವೈನಾ ಹೇಳಿ ಕಳಿಸಿದಳು.

ಹೇಳಿದರೆ ಕೇಳುವವರು ಬೇಕಲ್ಲ. ಶುಕ್ರವಾರ ಸಂಜೆ, ನಾವಿಬ್ಬರೂ ಚಾಪೆಯ ಮೇಲೆ ಧೂಪದ ಉಂಡೆ ಕಟ್ಟುತ್ತಿದ್ದಾಗ, ಅದೇ ಬಿಳಿ ಕಾರು ಬಾಗಿಲ ಮುಂದೆ ನಿಂತಿತು. ಇಳಿದವನು ಎತ್ತರದ ಮುದುಕ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಕೈಯಲ್ಲಿ ಬೆತ್ತ. ಹುಡುಗಿಯ ಕೀಲಿ ಹೋಯಿತು ಎಂದುಕೊಂಡೆ. ಜುವೈನಾ ಏನೂ ಆಗದವಳಂತೆ ಎದ್ದು, ಒದ್ದೆ ಟವಲು ತಂದು ನಂಬರಿನ ಮೇಲೆ ಹಾಕಲು ಹೋದಳು.

"ಬೇಡ ಹಿಲಾಲನ ತಾಯೀ" ಎಂದ ಅವನು. ಅವಳ ಮಗನ ಹೆಸರು ಹಿಲಾಲ್. "ನನ್ನ ಕಾರು ಇದು, ಹಮೂದನ ಕಾರು. ನೋಡೋರು ನೋಡ್ಲಿ. ಈ ಟವಲಿನ ವಿಷಯ ಇಬ್ರಾದ ಗಂಡಸರಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ?"

ಅಂಗಳದ ಹೊರಗೆ ಬೋರೆ ಮರದ ಕೆಳಗಿನ ಕಟ್ಟೆಯ ಮೇಲೆ ಕೂತ. ಕಾಫಿ ತಂದಿಟ್ಟೆ. ಬಟ್ಟಲನ್ನು ಕೈಯಲ್ಲಿ ತಿರುಗಿಸತೊಡಗಿದ. ಬಾಗಿಲ ಬಳಿ ನಾವಿಬ್ಬರೂ ನಿಂತೇ ಇದ್ದೆವು.

"ಇವತ್ತು ಬೆಳಗ್ಗೆ ಹಿಂದಿನ ಗಾಜು ಒರೆಸ್ತಿದ್ದೆ. ಎಡಗಡೆ ಹೊಸದೊಂದು ಸಿಕ್ತು" ಅಂದ.

"ಕಣ್ಣಿಗೆ ಸಿಕ್ತೋ, ಬೆರಳಿಗೆ ಸಿಕ್ತೋ?" ಜುವೈನಾ ಕೇಳಿದಳು.

"ಬೆರಳಿಗೆ."

"ಹಾಗಾದ್ರೆ ನನ್ನ ಕೆಲಸ ಸರಿಯಾಗಿದೆ. ಒಣಗೋಕೆ ಮುಂಚೆ ಮುಟ್ಟಿದ್ದು ನಿಮ್ಮ ತಪ್ಪು."

ನನಗೆ ಅವಳ ಬಾಯಿ ಮುಚ್ಚಬೇಕೆನಿಸಿತು. ಆದರೆ ಮುದುಕ ಸಿಟ್ಟಾಗಲಿಲ್ಲ. "ಹೊಸದನ್ನ ಕೇಳೋಕೆ ಬಂದಿಲ್ಲ. ಬಲಗಡೆ ಮೇಲೊಂದು ಹಳೇದಿದೆ. ಪ್ರತಿ ಶುಕ್ರವಾರ ಅದರ ಮೇಲೆ ಬೆರಳು ಹೋಗತ್ತೆ. ರಾಯಾ ಹಾಕಿಸಿದ್ದು, ನನ್ನ ಹೆಂಡತಿ. ಅವಳಾಗಿ ಹೇಳ್ಲಿ ಅಂತ ಕಾದೆ. ನಾನು ಊರ ಮುಂದೆ, ನನ್ನ ರಾಯಾ ಒಂದು ಕಲೆ ಬೀಳಿಸಿಲ್ಲ ಅಂತ ಹೇಳ್ಕೊಂಡು ತಿರುಗಿದೆ, ಅವಳು ಹೇಳ್ಲಿ ಅಂತಾನೇ. ಹೇಳಲಿಲ್ಲ. ಹಾಗೇ ಹೋಗಿಬಿಟ್ಟಳು." ಬಟ್ಟಲನ್ನು ಕೆಳಗಿಟ್ಟ. "ಈಗ ಮಗಳೂ ಬಚ್ಚಿಡ್ತಾಳೆ. ಅವಳ ಮುಖದ ಮೇಲೆ ಹೆದರಿಕೆ ನೋಡಿದೆ. ಒಂದು ಮಾತು ಹೇಳಿ. ರಾಯಾನೂ ನನಗೆ ಹೆದರಿಯೇ ಇಲ್ಲಿಗೆ ಬಂದಿದ್ದಾ?"

"ಯಾರು ಬಂದ್ರು, ಯಾಕೆ ಬಂದ್ರು ಅಂತ ನಾನು ಇಟ್ಕೊಳಲ್ಲ" ಅಂದಳು ಜುವೈನಾ. "ನಂಗೆ ಗಾಜು ನೆನಪಿರತ್ತೆ, ಮುಖ ನೆನಪಿರಲ್ಲ."

ಅವಳ ನಿಯಮ ಅವಳಿಗೆ. ಟವಲು ಎಸೆಯುವವಳು ಅವಳು, ಕಾಫಿ ಕೊಡುವವಳು ನಾನು. ಕಾಫಿ ಕೊಡುವವಳು ಮುಖ ನೋಡದೆ ಇರುವುದು ಹೇಗೆ? ಅಣ್ಣ ಹೋದ ಮಾರನೆಯ ವರ್ಷ ಬಂದಿದ್ದ ಒಬ್ಬಳು ನನಗೆ ಚೆನ್ನಾಗಿ ನೆನಪಿದ್ದಳು. ಬಿಳಿಯ ಹೊಸ ಕಾರು. ಬಂದವರೆಲ್ಲರಲ್ಲಿ ಅಳದೆ ಬಂದವಳು ಅವಳೊಬ್ಬಳೇ. ನಕ್ಕು ನಕ್ಕು ಖರ್ಜೂರ ಗಂಟಲಿಗೆ ಸಿಕ್ಕಿಸಿಕೊಂಡಿದ್ದಳು.

"ನಗ್ತಾ ಬಂದಿದ್ದಳು" ಅಂದೆ.

ಜುವೈನಾ ನನ್ನ ಕಡೆ ಕೆಕ್ಕರಿಸಿ ನೋಡಿದಳು. ನಾನು ನಿಲ್ಲಿಸಲಿಲ್ಲ.

"ಗಂಡ ಬೈತಾನಾ ಅಂತ ಕೇಳಿದೆ ನಾನು. ಬೈಯೋದಾ, ಇಲ್ಲಪ್ಪ ಅಂದ್ಲು. ಕಾರು ಬಂದಾಗಿನಿಂದ ಮದುವೆ ಗಂಡಿನ ಥರ ಓಡಾಡ್ತಿದ್ದಾರೆ, ಈ ಕಲೆ ಕಂಡ್ರೆ ಎರಡು ದಿನ ಊಟ ಬಿಡ್ತಾರೆ, ಪಾಪ, ಅದಕ್ಕೆ ಬಂದೆ ಅಂದ್ಲು. ಹೆದರಿದವಳು ಹಾಗೆ ನಗಲ್ಲ ಹಮೂದಣ್ಣ. ನಾನು ಹೆದರಿದವರನ್ನ ವಾರ ವಾರ ನೋಡ್ತೀನಿ."

ಅವನು ಬೆತ್ತದ ಮೇಲೆ ಎರಡೂ ಕೈಯಿಟ್ಟು, ಕೈಯ ಮೇಲೆ ಗದ್ದವಿಟ್ಟು ಕೂತ. "ಖರ್ಜೂರ ತಿನ್ನೋವಾಗ ನಗೋದು ಅವಳ ಕೆಟ್ಟ ಅಭ್ಯಾಸ" ಅಂದ. ಮೂಗು ಒರೆಸಿಕೊಂಡು ಎದ್ದ. ಹೊರಡುವ ಮುಂಚೆ, ಆ ತುಂಡು ಎಲ್ಲಿಂದ ತೆಗೆದಿರಿ ಎಂದು ಕೇಳಿದ. ಜುವೈನಾ ಸ್ಕ್ರೂ ಬಿಚ್ಚಿ ದೀಪ ಎತ್ತಿ ತೋರಿಸಿದಳು. ಎರಡು ದುಂಡನೆಯ ಜಾಗಗಳು ಅಕ್ಕಪಕ್ಕ ಇದ್ದವು. ಅವನು ಬಗ್ಗಿ ಅವನ್ನೇ ನೋಡುತ್ತಾ ನಿಂತ.

ಮುಂದಿನ ಬುಧವಾರ ನಾನು ಸಂತೆಯಲ್ಲಿ ಚಾಪೆ ಹಾಸುವ ಮೊದಲೇ ಖುಲೂದ್ ಬಂದು ಕಾಯುತ್ತಿದ್ದಳು. ತಾನೇ ಕಾರು ನಡೆಸಿಕೊಂಡು ಬಂದಿದ್ದಳು, ಕೀಲಿಯ ಗೊಂಚಲು ಬೆರಳಿಗೆ ಸಿಕ್ಕಿಸಿಕೊಂಡಿದ್ದಳು.

"ಶುಕ್ರವಾರ ಅಪ್ಪ ಕೀಲಿ ಕೇಳಿದ್ರು ಚಿಕ್ಕಮ್ಮಾ, ಮುಗೀತು ಅಂದ್ಕೊಂಡೆ. ಸಂಜೆ ಬಂದು ನನ್ನನ್ನ ಕಾರಿನೊಳಗೆ ಕೂರಿಸಿದ್ರು. ನನ್ನ ಬೆರಳು ಹಿಡ್ಕೊಂಡು ಗಾಜಿನ ಮೇಲೆ ಇಟ್ರು. ಇದು ನಿಮ್ಮಮ್ಮಂದು, ಇದು ನಿಂದು ಅಂದ್ರು. ಆಮೇಲೆ ಕೀಲಿ ನನ್ನ ಕೈಗೆ ಹಾಕಿದ್ರು."

"ಬೇರೆ ಏನೂ ಅನ್ನಲಿಲ್ವಾ?"

"ಅಂದ್ರು. ಮೂರನೇದಕ್ಕೆ ಜಾಗ ಇಲ್ಲ, ಧೂಪದಾನಿ ನೆಲದ ಮೇಲೆ ಇಡು ಅಂದ್ರು."